ವಿಮಾನದಿಂದ ಎಳೆದವರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಟಿ. ನರಸೀಪುರದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಒಂದು ದಿನ ಇಂಗ್ಲೆಂಡಿನಿಂದ ಕಾಗದ ಬಂತು. ಮಹಾಯುದ್ಧದ ಕಾಲದಲ್ಲಿ ಮುಡುಕುತೊರೆಯಾಚೆ ಕಾವೇರಿಯ ಮರಳಿನ ಮೇಲೆ ಮಿಲಿಟರಿ ವಿಮಾನವೊಂದು ಬಿದ್ದಿತ್ತು. ಒಳಗಿದ್ದ ಇಬ್ಬರಲ್ಲಿ ಒಬ್ಬ ಆಗಲೇ ಸತ್ತಿದ್ದ. ಇನ್ನೊಬ್ಬ, ಕಾಗದ ಬರೆದವರ ಅಣ್ಣ, ಸ್ವಲ್ಪ ಹೊತ್ತು ಬದುಕಿದ್ದನಂತೆ. ಅವನನ್ನು ಹೊರಗೆಳೆದವರು ಯಾರು ಎಂದು ಅವರು ಕೇಳಿದ್ದರು. ಹೆಡ್ಮಾಸ್ಟರು ಕಾಗದವನ್ನು ನನ್ನ ಮೇಜಿಗೆ ದಾಟಿಸಿದರು: "ಚರಿತ್ರೆ ನಿಮ್ಮ ಸಬ್ಜೆಕ್ಟು."

ಭಾನುವಾರ ಮೊಪೆಡ್ ಹತ್ತಿ, ವಿಮಾನ ಬಿದ್ದ ಜಾಗದ ಪಕ್ಕದ ಹಳ್ಳಿಗೆ ಹೋದೆ. ಮೊದಲ ಮನೆಯಲ್ಲೇ "ನಮ್ಮಪ್ಪ ಕಣ್ರೀ ಎಳ್ದಿದ್ದು" ಅಂದರು. ಎರಡನೇ ಮನೆಯಲ್ಲೂ ಅಪ್ಪ, ಮೂರನೇ ಮನೆಯಲ್ಲಿ ತಾತ. ಅಷ್ಟೂ ಜನ ನಿಜವಾಗಿ ಓಡಿಬಂದಿದ್ದರೆ ವಿಮಾನಕ್ಕೆ ಬೀಳಲು ಜಾಗವೇ ಸಿಗುತ್ತಿರಲಿಲ್ಲ. ಸಾಕ್ಷಿ ಇದ್ದದ್ದು ಪಟೇಲರ ಮನೆಯಲ್ಲಿ ಮಾತ್ರ: ಆಗಿನ ಸರ್ಕಾರ ಕೊಟ್ಟ ಬೆಳ್ಳಿ ಪದಕ, ಗೋಡೆಯ ಮೇಲೆ, ಗಾಜಿನೊಳಗೆ.

ಹೊರಡುವಾಗ ಟೀ ಅಂಗಡಿಯ ಅಜ್ಜಿ ಮೆಲ್ಲಗೆ ಅಂದಳು, "ಎಳ್ದೋನು ನಂಜನಗೂಡಲ್ಲವ್ನೆ ಕಣಪ್ಪ, ಮಗಳ ಮನೇಲಿ."

ನಂಜನಗೂಡಿಗೆ ಹೋಗಿ ಕಂಡೆ. ಎಂಬತ್ತರ ಹತ್ತಿರದ ಮನುಷ್ಯ. ಆಗ ಹೊಳೆದಂಡೆಯಲ್ಲಿ ಎಮ್ಮೆ ಕಾಯುತ್ತಿದ್ದರಂತೆ.

"ಊರೋರೆಲ್ಲ ದಡದ ಮ್ಯಾಲೆ ನಿಂತಿದ್ರು ಸಾ, ಬಾಂಬು ಸಿಡೀತದೆ ಅಂತ. ನಂಗೆ ಬಾಂಬು ಅಂದ್ರೇನು ಅಂತ್ಲೇ ಗೊತ್ತಿರ್ಲಿಲ್ಲ, ಅದ್ರ ತಾವ್ಕೆ ಓದೆ. ಎಳ್ದು ಮಲಗಿಸ್ದೆ. ನೀರು ಕೇಳೋ ಅಂಗೆ ಬಾಯಿ ಮಾಡ್ದ. ನಮ್ ಕೈನೀರು ಊರಲ್ಲಿ ಯಾರೂ ಕುಡೀತಿರ್ಲಿಲ್ಲ. ಇವ್ನು ಕುಡುದ."

"ಪದಕ ಪಟೇಲರಿಗೆ ಹೋಯಿತಲ್ಲ?"

"ರಿಪೋರ್ಟು ಬರ್ಸಿದ್ದು ಅವ್ರಲ್ವಾ ಸಾ. ನಂಗೂ ಸಿಕ್ತು ಬುಡಿ. ಅಷ್ಟ್ರಲ್ಲಿ ಎಮ್ಮೆ ಅವ್ರ ಗದ್ದೆಗೆ ನುಗ್ಗಿದ್ವು ಅಂತ ಎಲ್ಡು ಏಟು."

ಎಲ್ಲವನ್ನೂ ಇಂಗ್ಲೆಂಡಿಗೆ ಬರೆದೆ. ಕೆಲವು ವರ್ಷಗಳ ಮೇಲೆ ಕಾಗದ ಬರೆದಿದ್ದ ಆ ತಮ್ಮ, ತಾವೂ ಮುದುಕರಾಗಿ, ಕೋಲೂರಿಕೊಂಡು ಬಂದರು. ಹಳ್ಳಿಯಲ್ಲಿ ಶಾಮಿಯಾನ ಹಾಕಿದರು. ಪಟೇಲರ ಮೊಮ್ಮಗ ಅತಿಥಿಗೆ ಮೈಸೂರು ಪೇಟ ತೊಡಿಸಿ, ತನ್ನ ತಾತನ ಸಾಹಸವನ್ನು ಅರ್ಧ ಗಂಟೆ ಬಣ್ಣಿಸಿದ. ನಾನು ಕರೆತಂದಿದ್ದ ನಂಜನಗೂಡಿನ ಅಜ್ಜ ಕೊನೆಯ ಸಾಲಿನಲ್ಲಿ ಕೂತಿದ್ದರು. ಅತಿಥಿ, ತರ್ಜುಮೆಗೆಂದು ಪಕ್ಕದಲ್ಲಿದ್ದ ನನ್ನ ಕಿವಿಯಲ್ಲಿ "ಅವರೆಲ್ಲಿ?" ಎಂದು ಕೇಳಿ, ನಾನು ತೋರಿಸಿದ್ದೇ ತಡ, ಪೇಟದ ಸಮೇತ ಎದ್ದು ಕೆಳಗಿಳಿದು ಅವರ ಪಕ್ಕ ಕೂತರು.

"ನನ್ನಣ್ಣ ಕೊನೆಗೆ ಏನಾದರೂ ಹೇಳಿದನೇ, ಕೇಳಿ."

ಕೇಳಿದೆ.

"ಬೋ ಮಾತಾಡ್ದ ಸಾ. ನಂಗೊಂದು ಅಕ್ಸರಾನೂ ತಿಳೀನಿಲ್ಲ. ಎಲ್ಲಕ್ಕೂ 'ಆಗ್ಲಪ್ಪ, ಆಗ್ಲಪ್ಪ' ಅಂದೆ."

ಚೆಂದದ ಕೊನೆಯ ಮಾತೊಂದನ್ನು ನಾನೇ ಕಟ್ಟಿ ಹೇಳಲೇ ಅನ್ನಿಸಿತು. ಚರಿತ್ರೆ ಮೇಷ್ಟ್ರಿಗೆ ಅದೇನು ಕಷ್ಟವಲ್ಲ. ಆದರೆ ಇದ್ದದ್ದನ್ನೇ ಹೇಳಿದೆ. ಅತಿಥಿ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಜ್ಜನ ಕೈ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ. ಅತ್ತ ಮೈಕಿನಲ್ಲಿ, ಅತಿಥಿಗಳು ದಯವಿಟ್ಟು ವೇದಿಕೆಗೆ ಬರಬೇಕು ಎಂದು ಕೂಗುತ್ತಲೇ ಇದ್ದರು.