ಅವನು ಆಡದ ಮಾತು

ಅಡುಗೆ ಭಟ್ಟರ ಬಲಗೈಯಲ್ಲಿ ಮೊಣಕೈವರೆಗೆ ಒಂದು ರೋಮವೂ ಇರಲಿಲ್ಲ. ಮೂವತ್ತು ವರ್ಷದ ಇಡ್ಲಿ ಹಬೆ ಅದನ್ನು ನುಣುಪು ಮಾಡಿತ್ತು. ಚಿತ್ರಮಂದಿರದ ಕತ್ತಲೆಯಲ್ಲಿ ಆ ಕೈ ಮೇಲೆದ್ದರೆ, ‘ಹೇಳಿದ್ದು ಸಾಕು, ಇನ್ನು ನಾನೇ ನೋಡುತ್ತೇನೆ’ ಎಂದು ಅರ್ಥ.

ವಡೋದರಾದಲ್ಲಿ ನಮ್ಮ ಮನೆಯ ಕೆಳಗಿನ ಉಡುಪಿ ಹೋಟೆಲಿಗೆ ಅವರು ಅಡುಗೆಯವರು. ಇಂಗ್ಲಿಷ್ ಬಾರದು, ಇಂಗ್ಲಿಷ್ ಸಿನೆಮಾ ಎಂದರೆ ಪ್ರಾಣ. ಮಧ್ಯಾಹ್ನದ ಊಟಕ್ಕೂ ಸಂಜೆಯ ತಿಂಡಿಗೂ ನಡುವಿನ ಆಟಕ್ಕೆ ಅಮ್ಮನನ್ನೂ ನನ್ನನ್ನೂ ಕರೆದೊಯ್ಯುತ್ತಿದ್ದರು. ಅಮ್ಮ ನಿದ್ದೆ ಮಾಡುತ್ತಿದ್ದಳು, ಬಿ.ಎಸ್ಸಿ. ಓದುತ್ತಿದ್ದ ನಾನು ಪಿಸುದನಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ.

ಆಗ ಅವರಿಗೊಂದು ಸಂಕಟವಿತ್ತು. ಗುಜರಾತಿ ಗಿರಾಕಿಗಳಿಗೆ ಹಿಡಿಸಲೆಂದು ಹೋಟೆಲಿನ ಯಜಮಾನರು ಸಾಂಬಾರಿಗೆ ಬೆಲ್ಲ ಹೆಚ್ಚಿಸುತ್ತಲೇ ಇದ್ದರು. “ಬೆಲ್ಲ ನಮ್ಮಲ್ಲೂ ಉಂಟು, ಒಂದು ಚೂರು. ಇದು ಪಾಯಸ ಮಾರಾಯ್ರೆ,” ಎಂದರೆ, “ಹಾಗಾದ್ರೆ ನಿಮ್ಮದೇ ಹೋಟೆಲ್ ಇಡಿ ಭಟ್ರೆ,” ಎಂಬ ಕುಟುಕು. ಐವತ್ತು ದಾಟಿದ ಭಟ್ಟರಿಗೆ ಆ ಆಸೆ ಇತ್ತು, ಧೈರ್ಯ ಇರಲಿಲ್ಲ.

ಆ ದಿನದ್ದು ಹಳೆಯ ಕಪ್ಪು ಬಿಳುಪು ಚಿತ್ರ. ದೋಣಿ ಕಟ್ಟುವವನೊಬ್ಬ, ಪಾಲುದಾರರು ಹೇಳಿದಂತೆ ದೋಣಿಯ ಆಕಾರ ಬದಲಿಸಲು ಒಪ್ಪದೆ, ಸ್ವಂತ ಕಾರ್ಖಾನೆ ಹಾಕುತ್ತಾನೆ. ಊರೆಲ್ಲ ಸ್ವಾರ್ಥಿ ಎಂದರೂ ಶ್ರೀಮಂತನಾಗುತ್ತಾನೆ. ಭಟ್ಟರು ಸೀಟಿನ ತುದಿಗೆ ಬಂದಿದ್ದರು. ಕೊನೆಗೆ ನ್ಯಾಯಾಲಯದಲ್ಲಿ ಅವನ ಉದ್ದನೆಯ ಭಾಷಣ. ನನಗೆ ಅರ್ಧವೂ ತಿಳಿಯಲಿಲ್ಲ. ಅವರು ಕಾಯುತ್ತಿದ್ದರು.

“ನನ್ನ ಕೈಯ ಕೆಲಸಕ್ಕೆ ನಾನೇ ಯಜಮಾನ. ಕೆಟ್ಟರೆ ನಾನೇ ಕೆಡುತ್ತೇನೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ,” ಎಂದೆ.

ಕೈ ಮೇಲೆದ್ದಿತು.

ಮರುವಾರ ಅವರು ಕೆಲಸ ಬಿಟ್ಟು ಸ್ಟೇಷನ್ ಹತ್ತಿರ ನಾಲ್ಕು ಮೇಜಿನ ಹೋಟೆಲ್ ಇಟ್ಟರು. ಬಂದವರು ಒಂದು ಚಮಚ ಸಾಂಬಾರು ಬಾಯಿಗಿಟ್ಟು, ಅಡುಗೆಯವರನ್ನು ಅಲ್ಲಿ ಕರೆಯುವ ರೀತಿಯಲ್ಲಿ, “ಮಹಾರಾಜ್, ಸಿಹಿಯೇ ಇಲ್ಲವಲ್ಲ,” ಎಂದು ಗುಜರಾತಿಯಲ್ಲಿ ಗೊಣಗಿ ಎದ್ದು ಹೋಗುತ್ತಿದ್ದರು. ಕಾಲೇಜಿಗೆ ಹೋಗುವಾಗ ದಿನವೂ ಖಾಲಿ ಮೇಜುಗಳು ಕಾಣುತ್ತಿದ್ದವು. ಒಂದು ಬೆಳಿಗ್ಗೆ ತಡೆಯಲಾರದೆ ಒಳಗೆ ಹೋಗಿ ಹೇಳಿಬಿಟ್ಟೆ: “ದೋಣಿಯವನು ಹಾಗೆ ಅನ್ನಲೇ ಇಲ್ಲ. ನಾನೇ ಕಟ್ಟಿ ಹೇಳಿದ್ದು.”

ಭಟ್ಟರು ಮೇಜು ಒರೆಸುತ್ತಲೇ ಇದ್ದರು. “ಗೊತ್ತುಂಟಮ್ಮ. ಅವನು ಬಾಯಿ ಮುಚ್ಚಿದ ಮೇಲೂ ನೀವು ಜೋರಾಗಿ ಹೇಳ್ತಾ ಇದ್ರಿ. ಹಿಂದಿನ ಸಾಲಿನವರು ‘ಶ್’ ಅಂದ್ರು, ನಿಮಗೆ ಕೇಳ್ಳೇ ಇಲ್ಲ.”

“ಮತ್ತೆ ಕೆಲಸ ಯಾಕೆ ಬಿಟ್ರಿ?”

“ಆ ದೋಣಿಯವನ ಮಾತಿಗೆ ಯಾರು ಕೆಲಸ ಬಿಡ್ತಾರೆ?”

ಕೆಲವು ದಿನಗಳಲ್ಲಿ ಪ್ರತಿ ಮೇಜಿನ ಮೇಲೂ ಪುಡಿಬೆಲ್ಲದ ಬಟ್ಟಲು ಬಂತು. “ಸಾಂಬಾರು ನನ್ನದು, ನಾಲಗೆ ಅವರದ್ದು,” ಎಂದರು. ಮೇಜುಗಳು ತುಂಬಿದವು, ಎರಡು ವರ್ಷ ತುಂಬಿಯೇ ಇದ್ದವು. ಹೋದ ಚಳಿಗಾಲದಲ್ಲಿ ಭಟ್ಟರು ತೀರಿಕೊಂಡರು.

ಅದಾಗಿ ತಿಂಗಳೊಳಗೆ, ಎಂ.ಎಸ್ಸಿ. ಮುಗಿದ ಮೇಲೆ ಸಂಶೋಧನೆಗೆ ಅಹಮದಾಬಾದಿಗೆ ಹೋಗುತ್ತೇನೆ ಎಂದು, ಬೇಡವೆನ್ನುತ್ತಿದ್ದ ಅಪ್ಪನ ಮುಂದೆ ನಿಂತು ಹೇಳಿದೆ. ಒಳಗಿನಿಂದ ಅಮ್ಮ ಬಂದು, “ಮೆಲ್ಲಗೆ ಮಾತಾಡೇ, ಕೆಳಗಿನವರಿಗೆಲ್ಲ ಕೇಳಿಸ್ತದೆ,” ಎಂದಳು.