ಗುರುಗುಟ್ಟುವುದನ್ನು ಮರೆತ ನಾಯಿ

ಹಳೆಯ ಗಿರಣಿಯ ಹಿಂದಿನ ಮೈದಾನಕ್ಕೆ ಭಾನುವಾರ ಬೆಳಿಗ್ಗೆ ಆರೂವರೆಗೆ ಹೋದರೆ ನಾಯಿ ಮೇಷ್ಟ್ರು ಸಿಗುತ್ತಾರೆ. ಪೈಪು ಜೋಡಿಸಿ ಮಾಡಿದ ಅಡ್ಡಪಟ್ಟಿಗಳು, ಟಾರ್ಪಾಲಿನ ಸುರಂಗ, ಸಾಲಾಗಿ ನೆಟ್ಟ ಹನ್ನೆರಡು ಕೋಲುಗಳು, ಇವುಗಳ ನಡುವೆ ಕ್ಯಾನ್ವಾಸ್ ಬೂಟು ತೊಟ್ಟು ನಿಂತಿರುತ್ತಾರೆ. ಹುಟ್ಟಿನಿಂದ ಅವರೇನೂ ನಾಯಿಗಳ ಮೇಷ್ಟ್ರಲ್ಲ. ಇಪ್ಪತ್ತು ವರ್ಷ ಮುದ್ರಣಾಲಯವೊಂದರಲ್ಲಿ ಪುಸ್ತಕ ಹೊಲಿದು ರಟ್ಟು ಹಾಕುತ್ತಿದ್ದವರು. ಪಕ್ಕದ ಗೋದಾಮಿನ ಕಾವಲುಗಾರನೊಬ್ಬನಿಂದ ನಾಯಿ ಪಳಗಿಸುವುದನ್ನು ಕಲಿತು, ಅದನ್ನೇ ಕಸುಬು ಮಾಡಿಕೊಂಡರು. "ನಾಯಿ ಬಾಲ ನೆಟ್ಟಗೆ ಮಾಡೋಕಾಗುತ್ತಾ ಮೇಷ್ಟ್ರೇ?" ಎಂದು ಯಾರಾದರೂ ಕೆಣಕಿದರೆ, "ಬಾಲ ನನ್ನ ಪಾಠದಲ್ಲಿ ಬರಲ್ಲ, ಬಾಲ ಬಿಟ್ಟು ಉಳಿದಿದ್ದು ಕೇಳಿ" ಎನ್ನುತ್ತಾರೆ.

ಹೋದ ವರ್ಷ ನನ್ನ ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮೊದಲ ದಿನ ನಾಯಿಗಳಿಗೆ ಕೂರುವ ಪಾಠವೂ ಇಲ್ಲ, ನಿಲ್ಲುವ ಪಾಠವೂ ಇಲ್ಲ. ಎಂಟು ಜನ ಮಾಲೀಕರನ್ನು ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿ ಮೇಷ್ಟ್ರು ತಮ್ಮದೇ ತಪ್ಪಿನ ಕತೆ ಹೇಳಿದರು. ಅರ್ಧಕ್ಕೇ ಇಬ್ಬರು ಎದ್ದು ಹೋದರು. ಮೇಷ್ಟ್ರು ಅಂದು ಹೇಳಿದ್ದು, ಆಮೇಲೆ ಕಟ್ಟೆಯ ಮೇಲೆ ಕೂತು ಬಿಡಿಬಿಡಿಯಾಗಿ ಹೇಳಿದ್ದು, ಅವರ ಹೆಂಡತಿ ನಡುವೆ ತಿದ್ದಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಏಳು ವರ್ಷದ ಹಿಂದಿನ ಮಾತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಎರಡು ವರ್ಷದ ಕಪ್ಪು ನಾಯಿಯೊಂದನ್ನು ಮೈದಾನಕ್ಕೆ ತಂದಳು. ಅದರ ಹೆಸರು ಮಸಿ. ಬುದ್ಧಿವಂತ ನಾಯಿ, ಆದರೆ ಊಟದ ತಟ್ಟೆಯ ಹತ್ತಿರ ಯಾರೇ ಬಂದರೂ ಗುರ್ ಎನ್ನುತ್ತಿತ್ತು.

"ಮನೇಲಿ ಅತ್ತೆಗೆ ನಾಯಿ ಅಂದ್ರೆ ಆಗಲ್ಲ," ಎಂದಳು. "ಒಂದೋ ಇದರ ಗುರುಗುಟ್ಟೋದು ನಿಲ್ಲಬೇಕು, ಇಲ್ಲಾ ಇದು ಮನೆ ಬಿಡಬೇಕು ಅಂದಿದಾರೆ. ನಾನು ಇದನ್ನ ಮರಿಯಾಗಿದ್ದಾಗಿಂದ ಸಾಕಿದೀನಿ ಮೇಷ್ಟ್ರೇ. ಏನಾದ್ರೂ ಮಾಡಿ."

"ಮೂರು ವಾರ ಕೊಡಮ್ಮ," ಎಂದರು ಮೇಷ್ಟ್ರು.

ಆಗ ಅವರಿಗೆ ತಮ್ಮ ಕೈಮೇಲೆ ಬಹಳ ನಂಬಿಕೆ. ಎಳೆದರೆ ಕುತ್ತಿಗೆಗೆ ಬಿಗಿಯುವ ಕಬ್ಬಿಣದ ಸರಪಳಿಯೊಂದಿತ್ತು. ತಟ್ಟೆ ಇಡುವುದು, ಹತ್ತಿರ ಹೋಗುವುದು, ನಾಯಿ ಗುರ್ ಎಂದರೆ ಸರಪಳಿ ಜಗ್ಗುವುದು. ಮತ್ತೆ ತಟ್ಟೆ, ಮತ್ತೆ ಹತ್ತಿರ, ಮತ್ತೆ ಜಗ್ಗು. ಮೊದಲ ವಾರ ಮಸಿ ದಿನಕ್ಕೆ ಇಪ್ಪತ್ತು ಸಲ ಗುರುಗುಟ್ಟಿತು. ಎರಡನೇ ವಾರ ನಾಲ್ಕೈದು ಸಲ. ಹತ್ತೊಂಬತ್ತನೇ ದಿನ ಒಂದು ಸಲವೂ ಇಲ್ಲ. ಮೇಷ್ಟ್ರು ಅದರ ಮೂತಿಯ ಕೆಳಗಿನಿಂದಲೇ ತಟ್ಟೆ ಎಳೆದು ತೋರಿಸಿದರು. ಆ ಹೆಣ್ಣುಮಗಳಿಗೆ ಕಣ್ಣಲ್ಲಿ ನೀರು ಬಂತು.

ತಟ್ಟೆ ಎಳೆಯುವಾಗ ನಾಯಿಯ ಮೈ ಮರಗಟ್ಟಿತ್ತು. ಬಾಯಿ ಬಿಗಿ ಮುಚ್ಚಿತ್ತು. ಕಣ್ಣಿನ ಬಿಳಿ ಭಾಗ ಒಂದು ಕಡೆ ಕಾಣುತ್ತಿತ್ತು. "ನನಗೆ ಕಾಣಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ," ಎಂದು ಮೇಷ್ಟ್ರು ನಮಗೆ ಹೇಳಿದರು. "ಕಂಡಿತ್ತು. ಮೂರು ವಾರ ಅಂದಿದ್ದೆನಲ್ಲ, ಎರಡು ದಿನ ಮುಂಚೆನೇ ಮುಗಿಸಿದೆ ಅನ್ನೋ ಹೆಮ್ಮೆ ಅದಕ್ಕಿಂತ ದೊಡ್ಡದಾಗಿತ್ತು."

ಆ ದಿನ ಮೈದಾನದಲ್ಲಿ ನಾಯಿಗಳಿಗೆ ಸೂಜಿ ಹಾಕಲು ಪಶುವೈದ್ಯೆಯೊಬ್ಬರು ಬಂದಿದ್ದರು. ವಯಸ್ಸಾದವರು, ನೇರ ಮಾತಿನವರು. ಮಸಿಯನ್ನು ನೋಡಿ ಹೇಳಿದರು: "ಗುರುಗುಟ್ಟೋದು ಅಂದ್ರೆ 'ನನಗೆ ಭಯ ಆಗ್ತಿದೆ, ದೂರ ಇರು' ಅಂತ ಹೇಳೋದು. ನೀವು ಭಯ ತೆಗೆದಿಲ್ಲ ಮೇಷ್ಟ್ರೇ, ಹೇಳೋದನ್ನ ತೆಗೆದಿದೀರಿ. ಬೊಗಳೋ ನಾಯಿ ಕಚ್ಚಲ್ಲ ಅಂತೀವಲ್ಲ, ಬೊಗಳದೇ ಇರೋ ನಾಯಿ ಏನು ಮಾಡುತ್ತೆ ಯೋಚನೆ ಮಾಡಿ."

ಮೇಷ್ಟ್ರು ನಕ್ಕು, "ಡಾಕ್ಟ್ರಮ್ಮ, ನೀವು ಸೂಜಿ ನೋಡ್ಕೊಳ್ಳಿ, ನಾನು ನಾಯಿ ನೋಡ್ಕೋತೀನಿ" ಎಂದುಬಿಟ್ಟರು. ಮುಂದಿನ ತಿಂಗಳು ವಿಧೇಯತೆಯ ಸ್ಪರ್ಧೆಯಲ್ಲಿ ಮಸಿಗೆ ಎರಡನೇ ಸ್ಥಾನ ಬಂತು. ಆ ದಿನದ ಫೋಟೋವನ್ನು ಮೇಷ್ಟ್ರು ದೊಡ್ಡದು ಮಾಡಿಸಿ ತಮ್ಮ ಮನೆಯ ಬಾಗಿಲ ಪಕ್ಕ ತೂಗುಹಾಕಿದರು.

ನಾಲ್ಕು ತಿಂಗಳ ಬಳಿಕ ಆ ಹೆಣ್ಣುಮಗಳ ಗಂಡನಿಂದ ಫೋನು ಬಂತು. ಮನೆಗೆ ಬನ್ನಿ ಎಂದಷ್ಟೇ ಹೇಳಿದ.

ಆ ಮನೆಯ ಮುಂದಿನ ಕೋಣೆಯೇ ಗಡಿಯಾರ ರಿಪೇರಿ ಅಂಗಡಿ. ಮಾವ ತೀರಿಕೊಂಡ ಮೇಲೆ ಅತ್ತೆಯೇ ಅದನ್ನು ನಡೆಸುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣ ತಿರುಪುಗಳನ್ನು ಹಿಡಿದು ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಮೇಷ್ಟ್ರು ಹೋದಾಗ ಆ ಬಲಗೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿತ್ತು. ನಾಯಿ ಇಷ್ಟು ಸಾಧುವಾಯಿತಲ್ಲ ಎಂದು ಅವರಿಗೂ ಮನಸ್ಸು ಕರಗಿ, ಅವತ್ತು ಮೊದಲ ಬಾರಿಗೆ ತಾವೇ ಅದಕ್ಕೆ ಊಟ ಹಾಕಿದ್ದರು. ತಟ್ಟೆಯಿಂದ ಹೊರಗೆ ಬಿದ್ದ ಚೂರೊಂದನ್ನು ಒಳಗೆ ತಳ್ಳಲು ಕೈ ಚಾಚಿದ್ದರು. ನಾಯಿ ಒಂದು ಸದ್ದೂ ಮಾಡಲಿಲ್ಲ. ಕಚ್ಚಿಬಿಟ್ಟಿತು. ತೋರುಬೆರಳಿನ ನರ ತುಂಡಾಗಿತ್ತು.

"ಒಂದ್ಸಲ ಗುರ್ ಅಂದಿದ್ರೂ ಕೈ ಹಿಂದೆ ತಗೋತಿದ್ದೆ," ಎಂದರು ಅತ್ತೆ, ಯಾರಿಗೆಂದಿಲ್ಲದೆ.

ಮಗ ಮೇಷ್ಟ್ರ ಕಡೆ ತಿರುಗಿದ. "ಹೇಳಿ ಮೇಷ್ಟ್ರೇ. ನೀವು ಸರಿ ಮಾಡಿ ಕಳಿಸಿದ ನಾಯಿ. ಹೀಗ್ಯಾಕಾಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮೇಷ್ಟ್ರು ಹೆಗಲು ಮುಟ್ಟಿಕೊಳ್ಳಲಿಲ್ಲ, ಕಾಯಿಯನ್ನೇ ಪಕ್ಕದವಳ ಹೆಗಲಿಗೆ ದಾಟಿಸಿದರು. ಪಶುವೈದ್ಯೆಯ ಮಾತು ಅಕ್ಷರಶಃ ಕಿವಿಯಲ್ಲಿತ್ತು. ಬಾಯಲ್ಲಿ ಬಂದದ್ದು ಬೇರೆ.

"ಮನೇಲಿ ದಿನಾ ಅಭ್ಯಾಸ ಮಾಡಿಸ್ಬೇಕು ಅಂದಿದ್ದೆ. ಅದು ತಪ್ಪಿರಬೇಕು."

ಎಲ್ಲರೂ ಸೊಸೆಯನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. "ಎರಡು ದಿನ ಆಗಿರಲಿಲ್ಲ," ಎಂದಳು. "ಅಂಗಡೀಲಿ ಕೆಲಸ ಜಾಸ್ತಿ ಇತ್ತು."

ಅಲ್ಲಿಗೆ ತೀರ್ಪಾಯಿತು. ನಾಯಿಯನ್ನು ಸಾಯಿಸಿಬಿಡೋಣವೆಂದು ಮಗ ಹೇಳಿದಾಗ ಮೇಷ್ಟ್ರು, "ಬೇಡ, ನಾನು ಇಟ್ಕೋತೀನಿ" ಎಂದರು. ಅವರು ಹೊರಡುವಾಗ ಸೊಸೆ ಬಾಗಿಲವರೆಗೆ ಬಂದು ಕೈಮುಗಿದಳು. "ನನ್ನ ತಪ್ಪಿಗೆ ಅದರ ಜೀವ ಹೋಗೋದರಲ್ಲಿತ್ತು. ನೀವು ಉಳಿಸಿದ್ರಿ," ಎಂದಳು. ಆ ಕೈಮುಗಿದದ್ದು ಇವತ್ತಿಗೂ ಅನ್ನ ಇಳಿಯಲು ಬಿಡುವುದಿಲ್ಲ ಎನ್ನುತ್ತಾರೆ ಮೇಷ್ಟ್ರು.

ಮನೆಯಲ್ಲಿ ಹೆಂಡತಿ ಹೊಲಿಗೆ ಕೆಲಸ ಮಾಡುವವರು. ಮಾತಿನಲ್ಲೂ ಕತ್ತರಿ ಸ್ವಲ್ಪ ಹರಿತ. ಮಸಿ ಬಂದ ವಾರದೊಳಗೆ ಅವರು ಕೇಳಿದರು: "ಇದೇನ್ರೀ, ಈ ನಾಯಿ ನಿಮ್ಮನ್ನ ಕಂಡ್ರೆ ಉಸಿರು ಹಿಡ್ಕೊಳ್ಳುತ್ತೆ? ನನ್ನ ಹತ್ರ ಬಾಲ ಅಲ್ಲಾಡ್ಸುತ್ತೆ, ನೀವು ಬಂದ ಕೂಡ್ಲೇ ಕಲ್ಲಾಗುತ್ತೆ."

ಮೇಷ್ಟ್ರು ಅವತ್ತು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವರು ಹೊಲಿಗೆ ನಿಲ್ಲಿಸಲಿಲ್ಲ. ಒಂದು ತೋಳು ಪೂರ್ತಿ ಹೊಲಿದು, ದಾರ ಕಡಿದು, "ಆ ಹುಡುಗಿಗೆ ಹೇಳಿ" ಎಂದರು.

"ಹೇಳ್ತೀನಿ."

"ಯಾವಾಗ?"

ನಾಳೆ, ಬರುವ ವಾರ, ಆ ಅತ್ತೆಯ ಕೈ ವಾಸಿಯಾದ ಮೇಲೆ. ಹೀಗೇ ದಿನ ದೂಡಿದರು. ಗಡಿಯಾರದ ಅಂಗಡಿಯಿರುವ ಬೀದಿಯನ್ನು ತಪ್ಪಿಸಿ ಸುತ್ತುಬಳಸಿ ಓಡಾಡಿದರು. ತಲೆನೋವಿನ ಮಾತ್ರೆಗೂ ಊರಾಚೆಯ ಔಷಧಿ ಅಂಗಡಿಗೆ ಹೋದರು.

ನಾಯಿಯ ವಿಷಯದಲ್ಲಿ ಮಾತ್ರ ದಿನ ದೂಡಲಿಲ್ಲ. ಪಶುವೈದ್ಯೆಯ ಮನೆಗೆ ಹೋಗಿ, "ನಾನು ತಪ್ಪು ಮಾಡಿದೀನಿ, ಹೇಳಿಕೊಡಿ" ಎಂದು ನಿಂತರು. ಆಕೆ ಹೇಳಿದಂತೆ ಮಸಿ ತಿನ್ನುವಾಗ ಹತ್ತು ಹೆಜ್ಜೆ ದೂರದಿಂದ ಹಾದು ಹೋಗುತ್ತಾ ಒಂದು ಮಾಂಸದ ಚೂರು ಎಸೆದು, ನಿಲ್ಲದೆ ಮುಂದೆ ಹೋಗುವುದು. ಮೈ ಸಡಿಲಾಗುವವರೆಗೆ ಹತ್ತೇ ಹೆಜ್ಜೆ. ಆಮೇಲೆ ಒಂಬತ್ತು. ಹತ್ತರಿಂದ ಆರಕ್ಕೆ ಬರಲು ಎಂಟು ತಿಂಗಳು ಹಿಡಿಯಿತು. ಸರಪಳಿಯನ್ನು ಗುಜರಿಗೆ ಹಾಕಿದರು. ಮೈದಾನದಲ್ಲಿ ಕಲಿಸುವ ರೀತಿಯನ್ನೂ ಬದಲಿಸಿದರು. ಬೇಗ ಆಗಬೇಕೆನ್ನುವ ಮಾಲೀಕರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು.

ಒಂದೂವರೆ ವರ್ಷವಾದಾಗ ಒಂದು ಮಧ್ಯಾಹ್ನ ಮೇಷ್ಟ್ರು ಏನೋ ಯೋಚನೆಯಲ್ಲಿ ತಟ್ಟೆಗೆ ತೀರಾ ಹತ್ತಿರ ಕಾಲಿಟ್ಟರು. ಮಸಿ ತಲೆ ಎತ್ತದೆ ಗುರ್ ಎಂದಿತು. ಸಣ್ಣಗೆ, ಹಳೆಯ ಬಾಗಿಲು ಸರಿದ ಹಾಗೆ. ಮೇಷ್ಟ್ರು ಮೂರು ಹೆಜ್ಜೆ ಹಿಂದೆ ಸರಿದು, ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ನಾಯಿ ತಿಂದು ಮುಗಿಸಿತು.

"ನಾಯಿ ಹತ್ರ ಬೈಸ್ಕೊಂಡು ಕಣ್ಣೀರು ಹಾಕೋ ಗಂಡಸನ್ನ ಇವತ್ತೇ ನೋಡಿದ್ದು," ಎಂದರು ಹೆಂಡತಿ. ಆಮೇಲೆ ಅವರೂ ಪಕ್ಕದಲ್ಲಿ ಕೂತರು.

ಅಲ್ಲಿಂದ ಮಸಿ ಬೇರೆಯೇ ನಾಯಿಯಾಯಿತು. ಸುರಂಗವೆಂದರೆ ಅದಕ್ಕೆ ಪ್ರಾಣ. ಹನ್ನೆರಡು ಕೋಲುಗಳ ನಡುವೆ ಹಾವಿನಂತೆ ನುಸುಳಿ ಬರುತ್ತಿತ್ತು. ಅಡೆತಡೆ ಓಟದ ಸ್ಪರ್ಧೆಯಲ್ಲಿ ಎರಡು ಸಲ ಮೊದಲು ಬಂತು. ಜನ ಚಪ್ಪಾಳೆ ತಟ್ಟಿದಾಗಲೆಲ್ಲ ಮೇಷ್ಟ್ರಿಗೆ ಕದ್ದ ಮಾಲಿನ ಮೇಲೆ ಹೂವು ಬಿದ್ದಂತಾಗುತ್ತಿತ್ತು. ಈ ಓಟವನ್ನು ನೋಡಬೇಕಾಗಿದ್ದವಳು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದಳು, ತನ್ನದಲ್ಲದ ತಪ್ಪನ್ನು ತನ್ನದೆಂದುಕೊಂಡು.

ಹೀಗೆ ಐದು ವರ್ಷ ಕಳೆಯಿತು. ಹೋದ ವರ್ಷ ಮೇಷ್ಟ್ರ ಸ್ಟಾಪ್‌ವಾಚು ನಿಂತುಹೋಯಿತು. ಅದು ಹಳೆಯ ಕಾಲದ್ದು, ಕೀಲಿ ಕೊಡುವಂಥದ್ದು. ಕೇಳಿದ ಅಂಗಡಿಯವರೆಲ್ಲ ಹೇಳಿದ್ದು ಒಂದೇ: "ಇದನ್ನ ಬಿಚ್ಚೋಕೆ ಬರೋದು ಆ ಅಮ್ಮನಿಗೇ." ಮೂರು ವಾರ ಅದು ಜೇಬಿನಲ್ಲಿತ್ತು. ಕೊನೆಗೆ ಹೆಂಡತಿ ಹೇಳಿದರು: "ಗಡಿಯಾರ ನೆಪ ಆಗ್ಲಿ, ಏನಾದ್ರೂ ಆಗ್ಲಿ. ಇವತ್ತು ಹೋಗದೇ ಇದ್ರೆ ನಾನೇ ಹೋಗಿ ಹೇಳ್ತೀನಿ."

ಅತ್ತೆ ಅದೇ ಮೇಜಿನ ಹಿಂದೆ ಕೂತಿದ್ದರು. ಎಡಗೈಯಲ್ಲಿ ಗೋಡೆ ಗಡಿಯಾರವೊಂದಕ್ಕೆ ಎಣ್ಣೆ ಬಿಡುತ್ತಿದ್ದರು. ಬಲಗೈಯ ತೋರುಬೆರಳು ಮಡಚದೆ ನೆಟ್ಟಗೆ ನಿಂತಿತ್ತು. ಸ್ಟಾಪ್‌ವಾಚು ನೋಡಿ, "ಇಷ್ಟು ಸಣ್ಣದು ಈಗ ನನ್ನ ಕೈಲಾಗಲ್ಲ ಮೇಷ್ಟ್ರೇ. ಗೋಡೆ ಗಡಿಯಾರ, ಬೆಲ್ಟು, ಬ್ಯಾಟರಿ, ಅಷ್ಟೇ," ಎಂದರು. ಕೋಪವಿರಲಿಲ್ಲ. ಅದನ್ನೇ ಮೇಷ್ಟ್ರಿಗೆ ಸಹಿಸಲಾಗಲಿಲ್ಲ.

ಮೇಷ್ಟ್ರು ನಿಂತಲ್ಲೇ ಹೇಳಿದರು. ಸರಪಳಿ, ಹತ್ತೊಂಬತ್ತು ದಿನ, ಪಶುವೈದ್ಯೆಯ ಎಚ್ಚರಿಕೆ, ಆಮೇಲೆ ಈ ಕೋಣೆಯಲ್ಲಿ ಆಡಿದ ಸುಳ್ಳು. "ಸೊಸೆಯದ್ದು ಏನೂ ತಪ್ಪಿಲ್ಲ. ಅವಳು ದಿನಾ ಅಭ್ಯಾಸ ಮಾಡಿಸಿದ್ರೂ ಹೀಗೇ ಆಗ್ತಿತ್ತು. ತಪ್ಪು ನಂದು."

ಅತ್ತೆ ಎಣ್ಣೆಯ ಬುಡ್ಡಿಗೆ ಮುಚ್ಚಳ ಹಾಕಿದರು.

"ಇದನ್ನ ನನಗೆ ಹೇಳಿ ಏನು ಬಂತು?" ಎಂದರು. "ನಾನು ಮುಖ ಗಂಟಿಕ್ಕಿದ್ದು ನಿಮ್ಮ ಮೇಲಲ್ಲ. ಅವಳ ಮೇಲೆ. ಒಂದು ದಿನವೂ ಬಾಯಿಬಿಟ್ಟು ಬೈಲಿಲ್ಲ, ಆದ್ರೆ ಈ ಬೆರಳನ್ನ ಅವಳ ಮುಂದೆ ಹಿಡಿದೇ ಓಡಾಡಿದೆ. ಎರಡು ವರ್ಷ ತಡ್ಕೊಂಡಳು. ಆಮೇಲೆ ಬೇರೆ ಮನೆ ಮಾಡ್ಕೊಂಡು ಹೋದ್ರು." ಎದ್ದು ಅಂಗಡಿಯ ಬಾಗಿಲೆಳೆದರು. "ನಡೀರಿ. ಅವಳ ಮುಂದೆ ಹೇಳಿ."

ಔಷಧಿ ಅಂಗಡಿಯಲ್ಲಿ ಮೂರ್ನಾಲ್ಕು ಗಿರಾಕಿಗಳಿದ್ದರು. ಸೊಸೆ ಅತ್ತೆಯನ್ನು ಕಂಡು ಗಾಬರಿಯಾಗಿ, "ಏನಾಯ್ತತ್ತೆ?" ಎಂದಳು. ಅತ್ತೆ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಎರಡನೇ ಸಲ ಎಲ್ಲವನ್ನೂ ಹೇಳಿದರು. ಗಿರಾಕಿಗಳು ಮಾತ್ರೆಯ ಚೀಟಿ ಹಿಡಿದುಕೊಂಡು ಕೇಳುತ್ತಿದ್ದರು.

ಅವಳು ಅಳಲಿಲ್ಲ. ಕೈಯಲ್ಲಿದ್ದ ಸಿರಪ್ಪಿನ ಬಾಟಲಿಯನ್ನು ಶೆಲ್ಫಿನಲ್ಲಿಟ್ಟು ತಿರುಗಿದಳು.

"ಒಂದು ಮಂಗಳವಾರ, ಒಂದು ಬುಧವಾರ," ಎಂದಳು. "ಆ ಎರಡು ದಿನ ಮನೆಗೆ ಬೇಗ ಹೋಗಿದ್ರೆ ಅತ್ತೆ ಕೈ ಉಳೀತಿತ್ತು ಅಂತ ಐದು ವರ್ಷ ಅಂದ್ಕೊಂಡಿದೀನಿ. ಮತ್ತೆ ನಾಯಿ ಸಾಕ್ಬೇಕು ಅನ್ನಿಸಿದಾಗಲೆಲ್ಲ, ನಿನಗೆ ಆ ಯೋಗ್ಯತೆ ಇಲ್ಲ ಅಂತ ನನಗೆ ನಾನೇ ಹೇಳ್ಕೊಂಡಿದೀನಿ."

"ತಪ್ಪಾಯ್ತಮ್ಮ."

"ಕೇಳಿಸ್ಕೊಂಡೆ. ನೀವಿನ್ನು ಹೋಗಿ ಮೇಷ್ಟ್ರೇ." ಆಮೇಲೆ ಕೌಂಟರಿನ ಅಡ್ಡಹಲಗೆ ಎತ್ತಿ, ಒಳಗಿದ್ದ ಸ್ಟೂಲನ್ನು ಮುಂದಕ್ಕೆಳೆದಳು. "ಅತ್ತೆ, ನೀವು ಇರಿ. ಕೂತ್ಕೊಳ್ಳಿ."

ಮೇಷ್ಟ್ರು ಮನೆಗೆ ನಡೆದುಕೊಂಡೇ ಬಂದರು. ಹಗುರವಾಯಿತಾ ಎಂದು ಹೆಂಡತಿ ಕೇಳಿದ್ದಕ್ಕೆ ಇಲ್ಲ ಎಂದರು. "ಐದು ವರ್ಷ ಹೊತ್ತಿದ್ದು ಅವಳು. ನಾನು ಹೊತ್ತೆ ಅಂದ್ಕೊಂಡಿದ್ದೆ."

ಅದಾದ ಮುಂದಿನ ತರಗತಿಯಿಂದ ಮೊದಲ ದಿನದ ಪಾಠ ಈ ಕತೆಯೇ. ಏನನ್ನೂ ಮರೆಮಾಚುವುದಿಲ್ಲ, ತಮ್ಮ ಸುಳ್ಳನ್ನಂತೂ ಇಲ್ಲ. ಎದ್ದು ಹೋಗುವವರನ್ನು ತಡೆಯುವುದೂ ಇಲ್ಲ.

ಸೊಸೆ ಮೈದಾನಕ್ಕೆ ಬಂದಿಲ್ಲ. ಆದರೆ ಮೂರು ತಿಂಗಳಾದ ಮೇಲೆ ಪಶುವೈದ್ಯೆಯ ಕೈಯಲ್ಲಿ ಒಂದು ಚೀಟಿ ಕಳಿಸಿದಳು. ಒಂದೇ ಸಾಲು: ಮಸಿ ಗುಡುಗಿಗೆ ಈಗಲೂ ಹೆದರುತ್ತಾ? ಮೇಷ್ಟ್ರು ಎರಡು ಪುಟ ಉತ್ತರ ಬರೆದರು. ಹೆದರುತ್ತದೆ, ಹೊಲಿಗೆ ಮಿಷನ್ನಿನ ಕೆಳಗೆ ನುಗ್ಗುತ್ತದೆ, ಹೆಂಡತಿಯ ಪಾದದ ಮೇಲೆ ತಲೆಯಿಟ್ಟು ಮಲಗುತ್ತದೆ, ಹಿಂದಿನ ಎಡಗಾಲಿನಲ್ಲಿ ಈಚೆಗೆ ಸ್ವಲ್ಪ ನೋವಿದೆ, ಮೂತಿ ಬೆಳ್ಳಗಾಗಿದೆ. ಕ್ಷಮೆಯ ಮಾತನ್ನು ಬರೆದು, ಆಮೇಲೆ ಹೊಡೆದುಹಾಕಿ, ನಾಯಿಯ ವಿಷಯವನ್ನಷ್ಟೇ ಉಳಿಸಿ ಹಾಳೆಯನ್ನು ಮತ್ತೆ ನಕಲು ಮಾಡಿದರು.

ಅದಕ್ಕೆ ಉತ್ತರ ಬರಲಿಲ್ಲ. ಕಳೆದ ವಾರ ಮಾತ್ರ ಔಷಧಿ ಅಂಗಡಿಯ ಕಾಗದದ ಪೊಟ್ಟಣವೊಂದು ಬಂತು. ಒಳಗೆ ನಾಯಿಯ ಕೀಲುನೋವಿಗೆ ಹಚ್ಚುವ ಮುಲಾಮು, ಮೇಲೆ ಅವಳ ಕೈಬರಹ: ದಿನಕ್ಕೆ ಎರಡು ಸಲ, ನೆಕ್ಕದಂತೆ ನೋಡಿಕೊಳ್ಳಿ.