ವಾರಗಿತ್ತಿಯ ಹದ್ದು

ಬನಹಟ್ಟಿಯ ನಮ್ಮ ಮನ್ಯಾಗ ದೀಪಾವಳಿಗೆ ಅತ್ತಿ ಇಬ್ಬರು ಸೊಸೆಯಂದಿರಿಗೂ ನಮ್ಮ ಮಗ್ಗದಾಗ ನೇದ ಒಂದ ಬಣ್ಣದ ಸೀರಿ ಕೊಡತಾರ, ಹೊಟ್ಟಿಕಿಚ್ಚು ಬ್ಯಾಡ ಅಂತ. ಮೊಬೈಲಿನ ಆಟದಾಗ ಅಂಥಾ ಅತ್ತಿ ಇಲ್ಲ.

ಕರೆಂಟ್ ಹೋಗಿ ಮಗ್ಗ ನಿಂತಾಗ ನಾನು, ನನ್ನ ವಾರಗಿತ್ತಿ ಕೂಡಿ ಆಡತಿದ್ವಿ. ಆಟದಾಗ ನಾನ ಹುಡುಕಿದ ಒಂದು ಕಣಿವಿ ಇತ್ತು. ಅಲ್ಲಿ ಕುದುರಿ ಏರಿ ನಾನು ಮುಂದ, ಆಕಿ ಹಿಂದ. ಗುಡ್ಡ ಸುತ್ತಿ ಬಂದರ ಒಮ್ಮಿಂದೊಮ್ಮೆ ಕೆರಿ ಕಾಣತಿತ್ತು. ಕೆರಿ ಮೊದಲ ಆಕಿನ ನೋಡಲಿ ಅಂತ ಆ ತಿರುವಿನಾಗ ನಾ ನಿಂತು ಆಕಿನ್ನ ಮುಂದ ಬಿಡತಿದ್ದೆ. "ಎಷ್ಟ ಛಂದ ಐತ್ರಿ ಅಕ್ಕಾ!" ಅಂತಿದ್ಲು.

ಆಮ್ಯಾಲೆ ಆಕಿಗೆ ಕುದುರಿ ಬದಲಿ ಏರಿ ಹಾರೂ ಹದ್ದು ಸಿಕ್ತು. ಹಾರೂವರಿಗಂತನ ಆಟದವರು ಹೊಸ ಸೀಮಿ ಮಾಡಿದ್ರು. ಅದರಾಗ ದಾರಿನ ಇಲ್ಲ, ಬರೇ ಆಕಾಶದಾಗ ತೇಲೂ ನಡುಗಡ್ಡಿ. ಆಕಿ ಭರ್ರನ ಅಲ್ಲಿಗೆ ಹೋದ್ಲು. ನಾನು ಕುದುರಿ ಮ್ಯಾಲೆ ಕುಂತು ಉರಕೊಂಡೆ.

ಹಠ ಹಿಡಿದು ನಾನೂ ಹದ್ದು ಗಳಿಸಿದೆ. ಮೊದಲ ಹಳೇ ಕಣಿವಿ ಮ್ಯಾಲೆ ಹಾರಿದೆ. ಮ್ಯಾಲಿಂದ ಅದು ಅಂಗೈಯಷ್ಟು! ನೆಲದ ಮ್ಯಾಲೆ ಹೋಗೂವರಿಗೆ ದೊಡ್ಡದು ಅನಸಲಿ ಅಂತ ನಡುವ ಗುಡ್ಡ ಇಟ್ಟು ದಾರಿ ಸುತ್ತಿಸಿದ್ರು. ಗುಡ್ಡದ ತುದಿಗೆ ಬಣ್ಣಾನೂ ಹಚ್ಚಿರಲಿಲ್ಲ.

ಕೆಳಗ ಎರಡು ಕುದುರಿ ಹೊಂಟಿದ್ವು. ಒಂದು ಹದ್ದು ಬಿಟ್ಟು ಬಂದಿದ್ದ ವಾರಗಿತ್ತಿದು, ಇನ್ನೊಂದು ಮುಧೋಳದಾಗಿರೂ ಆಕಿ ತಂಗಿದು. ತಿರುವಿನಾಗ ವಾರಗಿತ್ತಿ ನಿಂತು ತಂಗಿನ್ನ ಮುಂದ ಬಿಟ್ಲು.

ನನ್ನ ಸೀರಿಯಂಥಾದ್ದ ಸೀರಿ ಉಟ್ಟು, ನನ್ನ ಬಾಜೂಕ ಕುಂತಾಕಿ, ಫೋನಿನಾಗ ತಂಗಿಗೆ ಹೇಳಿದ್ಲು: "ಈಗ ನೋಡ. ಇದು ನಾ ಹುಡುಕಿದ ಜಾಗ."